ವೀಳ್ಯಕ್ಕೆ ಮೊದಲೇ

ನೀರುದೋಸೆಗೆ ಅಕ್ಕಿ ಕಡೆಯುತ್ತಿದ್ದ ಪದ್ಮಾಕ್ಷಿಯ ಕೈ ಗುಂಡುಕಲ್ಲಿನ ಮೇಲೆಯೇ ನಿಂತಿತು. ಬಂಟ್ವಾಳದ ಕಡೆಯಿಂದ ದೋಣಿಯಲ್ಲಿ ಬಂದು, ನರಿಕೊಂಬಿನ ಕಡವಿನಿಂದ ಮೇಲೇರುತ್ತಿದ್ದವನು ಯಕ್ಷಗಾನ ಮೇಳದ ಹುಕ್ರಪ್ಪ. ಕಂಕುಳಲ್ಲಿ ಕೊಡೆ, ಕೈಯಲ್ಲಿ ಬಾಳೆಲೆಯ ಕಟ್ಟು. ವೀಳ್ಯವೇ. ದೀಪಾವಳಿ ಹತ್ತಿರವಾದಾಗ ಮೇಳದ ಯಜಮಾನರಿಂದ ವೀಳ್ಯ ಬಂದರೆ ಆ ವರ್ಷದ ತಿರುಗಾಟಕ್ಕೆ ಜಾಗ ಉಂಟೆಂದು ಅರ್ಥ.

"ಮೇಳದವರು ಬಂದ್ರು, ನೋಡಿ," ಎಂದು ಒಳಗಿದ್ದ ಗಂಡನಿಗೆ ಕೂಗಿ ಹೇಳಿದಳು. ಕೂಗಿದ ಮೇಲೆ, ಕೂಗಬಾರದಿತ್ತು ಎನಿಸಿತು.

ಐವತ್ತೊಂಬತ್ತನೇ ಇಸವಿಯಲ್ಲಿ ಮೂಡಬಿದ್ರೆಯ ಜನ ಬೆಳ್ಳಿಯ ಪದಕ ತೊಡಿಸಿದ ರಾಣಿವೇಷ ಅವಳ ಗಂಡ ಜತ್ತಪ್ಪನದು. ಕಳೆದ ಬೇಸಗೆಯಲ್ಲಿ ಬೆಳ್ತಂಗಡಿಯ ಆಟದ ನಡುವೆ ಅವನ ಸ್ವರ ಒಡೆಯಿತು, ಮತ್ತೆ ಕೂಡಲಿಲ್ಲ. ಬಜೆ, ಜೇನು, ಕಾಳುಮೆಣಸಿನ ಕಷಾಯ ಎಲ್ಲ ಆಯಿತು. ಮಳೆ ನಿಂತರೆ ಸರಿಯಾಗುತ್ತದೆಂದು ಪದ್ಮಾಕ್ಷಿ ಎಂಟು ವರ್ಷದ ಮಗಳು ಸರಸಳಿಗೆ ಹೇಳುತ್ತಲೇ ಬಂದಿದ್ದಳು. ಹುಡುಗಿ ಅಪ್ಪನೆದುರು ಆ ಮಾತಿಗೆ ಬಾಯಿ ತೆರೆದಾಗಲೆಲ್ಲ ಪದ್ಮಾಕ್ಷಿ ತನ್ನ ತುಟಿಯ ಮೇಲೆ ಬೆರಳಿಟ್ಟು ತಡೆಯುತ್ತಿದ್ದಳು. ಮಳೆ ನಿಂತು ತಿಂಗಳಾಗಿತ್ತು.

ಹುಕ್ರಪ್ಪ ಬೆಲ್ಲ ನೀರು ಕುಡಿದು ಹೊಸ ಡೇರೆಯ ಸುದ್ದಿ, ಗ್ಯಾಸ್‌ಲೈಟಿನ ಸುದ್ದಿ ಹೇಳಿದ. ಕಟ್ಟು ತೊಡೆಯ ಮೇಲೆಯೇ ಇತ್ತು. ಅಷ್ಟರಲ್ಲಿ ಜತ್ತಪ್ಪ ಹೊರಗೆ ಬಂದ. ಮಳೆಗಾಲವಿಡೀ ಬೆಳೆಸಿದ ಮೀಸೆ ಇರಲಿಲ್ಲ. ವೀಳ್ಯ ಕೈಗೆ ಬಂದ ಮೇಲೆ ಹೆಣ್ಣುವೇಷಕ್ಕೆಂದು ಅದನ್ನು ಬೋಳಿಸುವುದು ಅವನ ಪದ್ಧತಿ. ಈ ಸಲ ಮೊದಲೇ ಬೋಳಿಸಿದ್ದ. ಅವಸರಕ್ಕೆ ತುಟಿಯ ಮೇಲೆ ಗೀರಿ ರಕ್ತ ಒಸರುತ್ತಿತ್ತು.

ಹುಕ್ರಪ್ಪ ಅದನ್ನು ನೋಡಿದ. ಮತ್ತೆ ತಲೆ ಎತ್ತಲಿಲ್ಲ.

"ಜತ್ತಪ್ಪಣ್ಣ, ಇದು ವೇಷಕ್ಕೆ ಅಲ್ಲ ಮಾರಾಯ್ರೆ. ವೇಷಕ್ಕೆ ಬೇರೆಯವರು ಸಿಕ್ಕಿದ್ದಾರೆ. ಅವರಿಗೆ ಸೀರೆ ಉಡಿಸ್ಲಿಕ್ಕೆ, ಮುಡಿ ಕಟ್ಲಿಕ್ಕೆ ಬಣ್ಣದ ಚೌಕಿಯಲ್ಲಿ ಒಬ್ಬರು ಬೇಕು. ನಿಮ್ಮಷ್ಟು ತಿಳಿದವರು ಯಾರುಂಟು ಅಂತ ಯಜಮಾನ್ರು ಕೇಳಿದ್ರು."

ಜತ್ತಪ್ಪ ಏನೋ ಹೇಳಲು ಹೋದ. ಗಾಳಿ ಮಾತ್ರ ಬಂತು. ಬೇಡವೆನ್ನಲಿ ಎಂದು ಪದ್ಮಾಕ್ಷಿ ದೇವರನ್ನು ಬೇಡಿಕೊಂಡಳು. ಒಳಗೆ ಅಕ್ಕಿ ಮುಗಿಯುತ್ತ ಬಂದದ್ದು ನೆನಪಾಗಿ, ಬೇಡವೆನ್ನದಿರಲಿ ಎಂದೂ ಬೇಡಿಕೊಂಡಳು. ಅವನು ಎರಡೂ ಕೈ ಚಾಚಿದ.

ಹುಕ್ರಪ್ಪ ಕಡವಿಗೆ ಇಳಿದು ಹೋದ ಮೇಲೂ ಆ ಕೈಗಳು ವೀಳ್ಯ ಹೊತ್ತು ಹಾಗೆಯೇ ಇದ್ದವು. ಸರಸ ಹತ್ತಿರ ಬಂದು, ಲಂಗದ ತುದಿಯಿಂದ ಅಪ್ಪನ ತುಟಿಯ ಮೇಲಿನ ರಕ್ತ ಒರೆಸಿ, ಬಾಯಿ ತೆರೆದಳು. ಪದ್ಮಾಕ್ಷಿ ಬೆರಳೆತ್ತಿದಳು, ಹಿಟ್ಟು ಮೆತ್ತಿದ ಬೆರಳು ತುಟಿಯವರೆಗೆ ಹೋಗಲಿಲ್ಲ.

"ಅಪ್ಪ, ನಿಮ್ಮ ಸ್ವರ ಇನ್ನು ಬರುದಿಲ್ಲವಾ?"