ಹೇಳಿದ ಹಾಗೇ ಬರೆದದ್ದು

"ನಿಮ್ ಕನ್ನಡದಲ್ಲೇ ಒಂದು ಪರೀಕ್ಷೆ ಮಾಡಿ ತೋರ್ಸಿ ಕಲ್ಪನ ಮೇಡಂ. ಮೂವತ್ತೈದು ಬಂದ್ರೆ ಸಹಿ ಹಾಕ್ತೀನಿ," ಎಂದರು ಹೆಡ್‌ಮಾಸ್ಟರ್ ಕೋದಂಡಪ್ಪನವರು. ಹತ್ತನೇ ತರಗತಿಯ ನವ್ಯಳಿಗೆ ಪಬ್ಲಿಕ್ ಪರೀಕ್ಷೆಯಲ್ಲಿ ಉತ್ತರ ಬರೆದುಕೊಡಲು ಒಬ್ಬರು ಬೇಕೆಂಬ ಅರ್ಜಿ ಅವರ ಮೇಜಿನ ಮೇಲಿತ್ತು. ಕಳಿಸಲು ಎಂಟು ದಿನ ಉಳಿದಿತ್ತು.

ನವ್ಯಳಿಗೆ ಓದಲು, ಬರೆಯಲು ಆಗುವುದಿಲ್ಲ. ಕಣ್ಣು ಚೆನ್ನಾಗಿದೆ, ಬುದ್ಧಿ ಚುರುಕಾಗಿದೆ. ಅಕ್ಷರ ಮಾತ್ರ ಅವಳ ಮುಂದೆ ನಿಲ್ಲುವುದಿಲ್ಲ. ಕೋಲಾರದ ಆಸ್ಪತ್ರೆಯಿಂದ ಆ ಬಗ್ಗೆ ಸರ್ಟಿಫಿಕೇಟ್ ತರಲು ನಾನೇ ಎರಡು ಸಲ ಜೊತೆಗೆ ಹೋಗಿದ್ದೆ. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಹಸು ಕರೆದು, ಡೇರಿಗೆ ಹಾಲು ಹಾಕಿ, ಮಾರಿಕುಪ್ಪಂ ರೈಲು ಹಿಡಿದು ಆಂಡರ್ಸನ್‌ಪೇಟೆಯ ನಮ್ಮ ಶಾಲೆಗೆ ಬರುತ್ತಾಳೆ. ಬೇರೆಯವರು ಗಟ್ಟಿಯಾಗಿ ಓದಿದ್ದನ್ನು ಕೇಳಿ ಕೇಳಿಯೇ ಇಲ್ಲಿಯವರೆಗೆ ಬಂದವಳು.

ಬರೆದುಕೊಡುವವರು ಕೆಳಗಿನ ತರಗತಿಯವರಾಗಿರಬೇಕು. ಒಂಬತ್ತನೆಯ ಸೌಂದರ್ಯಾಳನ್ನು ಕರೆದೆ. ಉರಿಗಾಂನ ತಮಿಳು ಮನೆಯ ಹುಡುಗಿ, ಮುತ್ತಿನಂಥ ಅಕ್ಷರ. "ಅಕ್ಕ ಹೇಳಿದ ಹಾಗೇ ಬರಿ. ನಿನ್ನದೇನೂ ಸೇರಿಸಬೇಡ," ಎಂದು ಎರಡು ಸಲ ಹೇಳಿದೆ. ನಿಯಮವೇ ಹಾಗೆ.

ನಾನು ಕೊನೆಯ ಬೆಂಚಿನಲ್ಲಿ ಕುಳಿತೆ. ನವ್ಯ ಒಂದು ಪ್ರಶ್ನೆಯನ್ನೂ ಬಿಡಲಿಲ್ಲ. ಪಾಠದ ಮುದುಕಿಯ ಕಥೆಯನ್ನು ಅವಳು ಹೇಳಿದ ರೀತಿಗೆ ಸೌಂದರ್ಯಾ ಪೆನ್ನು ನಿಲ್ಲಿಸಿ ನಕ್ಕಳು.

"ಬರೀಯೇ, ನಗೋಕ್ ಕರ್ದವ್ರಾ ನಿನ್ನ?" ಎಂದು ನವ್ಯ ಗದರಿದಳು. ಗೆದ್ದೆವು ಎಂದುಕೊಂಡೆ.

ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತೆರೆದೆ. 'ಮುದುಕಿ ಆಲು ಒತ್ತು ಬೆಟ್ಟ ಅತ್ತಿದಳು. ರಾಜನಿಗೆ ನಿಜ ಏಳಿದಳು.' ಮುತ್ತಿನಂಥ ಅಕ್ಷರದ ಹನ್ನೊಂದು ಪುಟಗಳಲ್ಲಿ ಒಂದು ಹಕಾರವೂ ಇರಲಿಲ್ಲ.

ಸೌಂದರ್ಯಾಳನ್ನು ಕರೆಸಿದೆ. "ಏನೇ ಇದು?"

"ಅಕ್ಕ ಹಂಗೇ ಹೇಳಿದ್ರು ಮಿಸ್. ನಾನು ಹ ಹಾಕಿದ್ರೆ ಸೇರಿಸಿದಂಗೆ ಆಗಲ್ವಾ?"

ಅವಳನ್ನು ತರಗತಿಗೆ ಕಳಿಸಿದೆ. ಹನ್ನೆರಡು ವರ್ಷಗಳಿಂದ ಈ ತಪ್ಪಿಗೇ ಅಂಕ ಕಳೆಯುತ್ತಿದ್ದೇನೆ. ಹಾಗೆ ಕಳೆದರೆ ಇಪ್ಪತ್ತೊಂಬತ್ತು. ವಿಷಯ ಮಾತ್ರ ನೋಡಿದರೆ ಐವತ್ತೆಂಟು. ಎರಡನ್ನೂ ಪೆನ್ಸಿಲಿನಲ್ಲಿ ಬರೆದು ಹೆಡ್‌ಮಾಸ್ಟರ್ ಮುಂದಿಟ್ಟೆ.

"ಬೆಟ್ಟ ಅತ್ತಿದಳು! ಯಾಕಂತೆ ಮೇಡಂ ಅಳು?" ಎಂದು ನಕ್ಕರು. ಆಮೇಲೆ ನಗಲಿಲ್ಲ. "ಪೇಪರ್ ತಿದ್ದೋರು ಯಾವೂರೋರೋ. ನಮ್ ಹುಡುಗಿ ಮಾತು ಅವರಿಗೇನ್ ಗೊತ್ತು? ಇನ್ನೂ ವಾರ ಇದೆ, ಹ ಕಲಿಸಿ. ಬರ್ಲಿಲ್ಲ ಅಂದ್ರೆ ಓಗ್ಲಿ, ಬರೋ ವರ್ಷ ನೋಡಣ."

ಅವರೂ 'ಓಗ್ಲಿ' ಎಂದರು. ನಾನು ತಿದ್ದಲಿಲ್ಲ.

ಕಲಿಸಿದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿ, ಉಸಿರು ತಾಗಿದರೆ ಅದು ಹ, ಎಂದೆ. ಮೊದಲ ದಿನ ನಗುತ್ತಾ ಮಾಡಿದಳು. ಮೂರನೆಯ ದಿನ ಆನೆ 'ಹಾನೆ' ಆಯಿತು, ಎಲ್ಲರೂ 'ಹೆಲ್ಲರೂ' ಆದರು. ಐದನೆಯ ದಿನ ಪ್ರತಿ ಪದಕ್ಕೂ ಮುಂಚೆ ನಿಂತು ನನ್ನ ಮುಖ ನೋಡತೊಡಗಿದಳು. ಅರ್ಧ ಗಂಟೆಯಲ್ಲಿ ಒಂದು ಉತ್ತರವೂ ಮುಗಿಯಲಿಲ್ಲ. ಇದು ಅಭ್ಯಾಸದ ಕೊರತೆ ಎಂದು ನನಗೆ ನಾನೇ ಹೇಳಿಕೊಂಡೆ.

ಆರನೆಯ ದಿನ ಅವಳ ತಾಯಿ ಮಂಗಮ್ಮ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಏನ್ ಮಾಡಿದ್ರಿ ಮೇಡಮ್ಮ ನನ್ ಮಗಳ್ನ? ಮನೇಲಿ ಬಾಯೇ ಬಿಡಲ್ಲ. ಅಸುಗೆ ಮೇವಾಕೇ ಅಂದ್ರೆ, ಅದು ಅಸು ಅಲ್ಲಮ್ಮ ಅಂತ ಅಳ್ತಾಳೆ. ಅವಳ್ಗಿದ್ದಿದ್ದು ಬಾಯೊಂದೇ. ಅದ್ನೂ ಕಿತ್ಕಂಡ್ರಾ?"

ಅವರು ಹೋದ ಮೇಲೆ ಪತ್ರಿಕೆ ತೆಗೆದು ಇಪ್ಪತ್ತೊಂಬತ್ತನ್ನು ಅಳಿಸಿದೆ. ಐವತ್ತೆಂಟನ್ನು ಇಂಕಿನಲ್ಲಿ ತೀಡಿ ಹೆಡ್‌ಮಾಸ್ಟರ್ ಹತ್ತಿರ ಹೋದೆ.

"ಪಬ್ಲಿಕ್‌ನಲ್ಲಿ ಅಂಕ ಕಳೆದ್ರೆ?" ಎಂದರು.

"ಕಳೆದರೆ ಫೇಲಾಗ್ತಾಳೆ ಸರ್. ಕೂರೋಕೆ ಮುಂಚೆ ನಾವೇ ಫೇಲ್ ಮಾಡೋದು ಬೇಡ."

ಬಹಳ ಹೊತ್ತು ಪುಟ ತಿರುವಿದರು. ಸಹಿ ಹಾಕಿ ಪೆನ್ನನ್ನು ನನ್ನ ಕಡೆ ಸರಿಸಿದರು. "ಕೆಳಗೆ ನೀವೂ ಹಾಕಿ. ಯಾರಾದ್ರೂ ಕೇಳಿದ್ರೆ ನಿಮ್ಮನ್ನೇ ಕಳಿಸ್ತೀನಿ."

ಸಂಜೆ ಇಬ್ಬರು ಹುಡುಗಿಯರನ್ನೂ ಕೂರಿಸಿದೆ. "ಹ ಮರೆತುಬಿಡು. ನಿನ್ನ ಮಾತಿನಲ್ಲೇ ಹೇಳು," ಎಂದೆ ನವ್ಯಳಿಗೆ. ಸೌಂದರ್ಯಾಳಿಗೆ, "ಹಾಲು ಅಂತ ಅರ್ಥವಾದರೆ ಹಾಲು ಅಂತಲೇ ಬರಿ."

"ಅದು ಕಾಪಿ ಅಲ್ವಾ ಮಿಸ್?"

"ಅಲ್ಲ," ಎಂದೆ. ನನಗೆ ಖಾತ್ರಿ ಇರಲಿಲ್ಲ.

ಹೊಸ ಪ್ರಶ್ನೆ ಓದಿದೆ. ನವ್ಯ ಬಾಯಿ ತೆರೆದಳು, ನನ್ನನ್ನು ನೋಡಿದಳು, ಮುಚ್ಚಿದಳು. ಎರಡನೆಯ ಸಲವೂ ಹಾಗೇ ಆಯಿತು. ಆಮೇಲೆ ಬೆಂಚಿನ ಕಡೆ ನೋಡುತ್ತಾ ಹೇಳಿದಳು: "ನೀವಿದ್ರೆ ಬರಲ್ಲ ಮಿಸ್. ಆಚೆ ಓಗಿ."

ವರಾಂಡಕ್ಕೆ ಬಂದು ನಿಂತೆ. ಒಳಗಿನಿಂದ ಏನೂ ಕೇಳಿಸಲಿಲ್ಲ. ಅರ್ಜಿ ಹೋಗಿಯಾಗಿದೆ, ಕೆಳಗೆ ನನ್ನ ಹೆಸರಿದೆ, ಅವಳಿಗೆ ಮಾತೇ ಬಾರದಿದ್ದರೆ?

ಬಹಳ ಹೊತ್ತಾದ ಮೇಲೆ ಸೌಂದರ್ಯಾಳ ದನಿ ಬಂತು. "ನಿಧಾನವಾಗಿ ಹೇಳಿ ಅಕ್ಕ, ಕೈ ನೋಯ್ತದೆ."

ಇಣುಕಿ ನೋಡುವ ಧೈರ್ಯ ನನಗೆ ಬರಲಿಲ್ಲ.