ಮೊಯ್ದೀನಬ್ಬರ ಮೂಗು

ಹಂಪನಕಟ್ಟೆಯ ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ಕಳೆದ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಅತ್ತರ್ ಅಂಗಡಿಯ ಮೊಯ್ದೀನಬ್ಬ ಮಲ್ಲಿಗೆಯ ಬಾಟಲಿ ಮೂಸಿ ಗುಲಾಬಿ ಎಂದರು. ನಲವತ್ತೊಂದು ವರ್ಷಗಳಲ್ಲಿ ಇದೇ ಮೊದಲು. ಗಿರಾಕಿ ನಕ್ಕರು. ಮಗ ಆಶಿಕ್ ನಗಲಿಲ್ಲ.

ಕಾರಣ ಗೋಡೆಯಾಚೆ ಇತ್ತು. ಅಲ್ಲಿ ರಾಫೆಲ್ ಎಂಬವರು ಮರದ ಸಾಮಾನಿಗೆ ಪಾಲಿಶ್ ಹೊಡೆಯುವ ಅಂಗಡಿ ತೆರೆದು ಆರು ತಿಂಗಳಾಗಿತ್ತು. ಪಾಲಿಶಿಗೆ ಬೆರೆಸುವ ಥಿನ್ನರ್ ಘಾಟು ಇಡೀ ದಿನ ಕಿಂಡಿ ದಾಟಿ ಬಂದು ಪಕ್ಕದವರ ವ್ಯಾಪಾರದಲ್ಲಿ ಮೂಗು ತೂರಿಸುತ್ತಿತ್ತು.

ಮೂಗಿನ ಡಾಕ್ಟರ್ ಶರೊನ್ ಅಪ್ಪ, ಮಗ ಇಬ್ಬರನ್ನೂ ಪರೀಕ್ಷಿಸಿದರು.

"ಇಬ್ಬರೂ ಕುಡಿದದ್ದು ಒಂದೇ ಘಾಟು. ಇವನಿಗೆ ಎಂತ ಆಗ್ಲಿಲ್ಲ, ನನಗೆ ಮಾತ್ರ ಎಂತದು?" ಎಂದು ಕೇಳಿದರು ಮೊಯ್ದೀನಬ್ಬ.

"ಇವರಿಗೂ ಆಗಿರ್ತದೆ ಕಾಕ. ವಾಸನೆ ಹಿಡಿಯುವ ಕೋಶ ಸತ್ತರೆ ಚಿಕ್ಕ ಪ್ರಾಯದಲ್ಲಿ ಬೇಗ ಹೊಸತು ಹುಟ್ತದೆ. ನಿಮಗೆ ಎಪ್ಪತ್ತೆರಡು. ವಿಷ ತಡೆಯುವ ಶಕ್ತಿಯೂ ಕಡಿಮೆ, ಹೊಸತು ಹುಟ್ಟುದೂ ನಿಧಾನ. ಘಾಟು ಈಗಲೇ ನಿಂತ್ರೆ ಸ್ವಲ್ಪ ವಾಪಸ್ ಬಂದೀತು. ಇನ್ನೊಂದು ವರ್ಷ ಕುಡಿದ್ರೆ ಉಳಿದದ್ದೂ ಹೋಗ್ತದೆ."

"ಉಪ್ಪ, ನೀವು ಮನೆಯಲ್ಲಿ ಕೂತ್ಕೊಳ್ಳಿ," ಎಂದ ಆಶಿಕ್.

"ಮತ್ತೆ ಊದ್ ಅತ್ತರ್ ಅಸಲಾ ನಕಲಿಯಾ ಹೇಳುದು ಯಾರು? ನಿನ್ನ ಮೂಗಾ? ಅದು ಬಿರಿಯಾನಿಗೆ ಮಾತ್ರ ಆಗುದು."

ಹಾಗಾಗಿ ಮಹಾಯೋಜನೆ ಸಿದ್ಧವಾಯಿತು. ದುರ್ವಾಸನೆಯ ವಿರುದ್ಧ ಪಾಲಿಕೆಗೆ ಒಂಬತ್ತು ಪುಟಗಳ ದೂರು ಹೋಯಿತು. ಪರಿಶೀಲನೆಯ ದಿನ ಬೆಳಿಗ್ಗೆಯಿಂದ ಒಂದು ಬಾಟಲಿಯನ್ನೂ ತೆರೆಯದೆ, ಶಟರ್ ಅರ್ಧ ಇಳಿಸಿ, ಘಾಟು ತುಂಬಲು ಬಿಟ್ಟರು. ಹನ್ನೊಂದಕ್ಕೆ ಕಣ್ಣು ಉರಿಯುವಷ್ಟು ತುಂಬಿತು. ಆಶಿಕ್ ಚಾ ತರಲು ಹೋದ. ಅಷ್ಟರಲ್ಲಿ ಪಾಲಿಕೆಯ ಅಧಿಕಾರಿ ಲತೇಶ್ ತಲೆ ತಗ್ಗಿಸಿ ಒಳಗೆ ಬಂದರು.

ಬಂದವರ ಕೈಗೆ ಅತ್ತರ್ ಹಚ್ಚದೆ ಮೊಯ್ದೀನಬ್ಬ ಯಾರನ್ನೂ ಮಾತಾಡಿಸಿದವರಲ್ಲ. ಕೈ ತಾನಾಗಿ ಊದಿನ ಬಾಟಲಿಗೆ ಹೋಯಿತು. ಹಚ್ಚಿ ಮೂಸಿದರು. ಏನೂ ಬರಲಿಲ್ಲ. ಕಡಿಮೆಯಾಯಿತೆಂದು ಇನ್ನೊಮ್ಮೆ ಹಚ್ಚಿದರು, ಮತ್ತೊಮ್ಮೆ. ಆಮೇಲೆ ಲತೇಶರ ಅಂಗಿಯ ಕಾಲರಿಗೂ.

ಚಾ ಹಿಡಿದು ಬಂದ ಆಶಿಕ್ ಬಾಗಿಲಲ್ಲೇ ನಿಂತ.

"ಥಿನ್ನರ್ ಎಲ್ಲಿ ಕಾಕ? ನನಗೆ ಬರೀ ಊದ್," ಎಂದರು ಲತೇಶ್.

"ಕೈ ತೊಳ್ಕೊಳ್ಳಿ ಸರ್, ಈಗ ಬರ್ತದೆ," ಎಂದ ಆಶಿಕ್.

"ಅಸಲಿ ಊದ್ ತೊಳೆದ್ರೆ ಹೋಗುದುಂಟಾ ಮಾರಾಯ?"

ಮೊಯ್ದೀನಬ್ಬ ಮಗನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಜಾಸ್ತಿ ಆಯ್ತಾ?"

ಆಶಿಕ್ ಚಾ ಕೆಳಗಿಟ್ಟ. "ನಾಳೆ ಬನ್ನಿ ಸರ್."

"ಬರ್ಲಿಕ್ಕೆ ನನಗೆ ಬೇಜಾರಿಲ್ಲ. ಒಂದು ವಿಳಾಸಕ್ಕೆ ವರ್ಷಕ್ಕೆ ಒಂದೇ ಪರಿಶೀಲನೆ. ಅಧಿಕಾರಿಯ ಮೂಗಿಗೆ ಬಂದದ್ದನ್ನೇ ಬರೀಬೇಕು, ನಿಯಮ ಹಾಗೆ ಉಂಟು."

ಲತೇಶ್ ಬರೆದರು: ದುರ್ವಾಸನೆ ಕಂಡುಬಂದಿಲ್ಲ. ಸುವಾಸನೆ ಧಾರಾಳವಾಗಿದೆ. ದೂರು ವಜಾ.