ಇಂಗಿನ ವಾಸನೆ

ವಡೋದರಾ ಸ್ಟೇಷನ್ ಹತ್ತಿರದ ನಮ್ಮ ಉಡುಪಿ ಹೋಟೆಲಿನಲ್ಲಿ ಒಲೆ ಹಚ್ಚುವುದಕ್ಕೂ ಒಂದು ಶಾಸ್ತ್ರವಿದೆ. ನನ್ನ ಗಂಡ ಗಣಪತಿ ಬೆಳಿಗ್ಗೆ ಅಡುಗೆಮನೆಗೆ ಹೋಗಿ, ದೀಪ ಆರದಿರಲೆಂದು ಕಿಟಕಿಗಳನ್ನು ಮುಚ್ಚಿಯೇ ಇಟ್ಟು, ದೇವರ ಪಟದ ಮುಂದೆ ಗಂಟೆ ಬಾರಿಸಬೇಕು. ಗಂಟೆ ನಿಂತ ಮೇಲೆ ಕಡ್ಡಿ ಗೀರಿ ದೀಪ, ಆ ದೀಪದಿಂದ ಒಲೆ. ಅಷ್ಟರ ನಡುವೆ ಆಕಾಶ ಕಳಚಿ ಬಿದ್ದರೂ ಅವರು ತಿರುಗಿ ನೋಡುವವರಲ್ಲ. ಅದು ಭಕ್ತಿಯೋ ಹಟವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆ ಬೆಳಿಗ್ಗೆ ನಾನೂ ಮಗಳು ಅಕ್ಷತಾಳೂ ಗಿರಾಕಿಗಳ ಮೇಜಿನಲ್ಲಿ ಕೂತಿದ್ದೆವು. ಏಳನೆಯ ಕ್ಲಾಸಿನ ಅವಳಿಗೆ ಅವತ್ತು ವಿಜ್ಞಾನದ ಟೆಸ್ಟು, ಶಕ್ತಿಯ ರೂಪಗಳು. ಒಂದೇ ಶಕ್ತಿ ಒಮ್ಮೆಲೇ ಬೆಳಕು, ಶಾಖ, ಶಬ್ದ, ಚಲನೆ ನಾಲ್ಕೂ ಆಗುವ ಉದಾಹರಣೆ ಬರೆಯಬೇಕಂತೆ. ಪಟಾಕಿ ಎಂದು ಬರೆದರೆ ಮಾರ್ಕ್ಸ್ ಇಲ್ಲ, ಎಲ್ಲರೂ ಅದನ್ನೇ ಬರೆಯುತ್ತಾರೆಂದು ಟೀಚರ್ ಹೇಳಿದ್ದರು. ನಾನು ಗ್ರೈಂಡರ್ ಎಂದೆ. ತಿರುಗುತ್ತದೆ, ಸದ್ದು ಮಾಡುತ್ತದೆ, ಬಿಸಿಯಾಗುತ್ತದೆ, ಇನ್ನೇನು ಬೇಕು? ಬೆಳಕೆಲ್ಲಿ ಎಂದು ಮೂಗು ಮುರಿದಳು. ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ, ನನಗೇ ಗ್ಯಾಸ್ ಸಿಲಿಂಡರಿನ ಪಾಠ ಶುರುಮಾಡಿದಳು.

"ಅದ್ರಲ್ಲಿ ಕೆಮಿಕಲ್ ಎನರ್ಜಿ ಸುಮ್ನೆ ಕೂತಿರುತ್ತೆ ಅಮ್ಮ. ಒಂದು ಕಿಡಿ ಸಿಕ್ಕಿದ್ರೆ ಸಾಕು."

ಹೇಳುತ್ತಲೇ ಏನೋ ವಾಸನೆ ಎಂದು ಮುಖ ಕಿವುಚಿದಳು. ಇಂಗು ಕಣೇ, ಓದು ಎಂದು ಗದರಿಸಿದೆ. ಸಾಂಬಾರಿಗೆ ಗಟ್ಟಿ ಇಂಗನ್ನು ರಾತ್ರಿಯೇ ನೀರಿನಲ್ಲಿ ನೆನೆಹಾಕುವುದು ನಮ್ಮ ಕ್ರಮ. ಬೆಳಿಗ್ಗೆ ಬಾಗಿಲು ತೆಗೆದರೆ ಅದರ ಘಾಟು ಮೂಗಿಗೆ ಹೊಡೆಯುತ್ತದೆ. ಕೆಲಸಕ್ಕೆ ಹೊಸದಾಗಿ ಬಂದವರು ಗ್ಯಾಸ್ ಸೋರುತ್ತಿದೆಯೆಂದು ಹೆದರಿದ್ದೂ ಉಂಟು, ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೂ ಉಂಟು. ಅವತ್ತು ಅಡುಗೆಮನೆಗೆ ಕಾಲಿಟ್ಟ ಗಣಪತಿಯವರೂ ಅಲ್ಲಿಂದಲೇ ಕೂಗಿದರು.

"ಇವತ್ತು ಇಂಗು ಭಾರಿ ಖಡಕ್ ಉಂಟು ಮಾರಾಯ್ತಿ."

ಅವರ ಬಾಯಲ್ಲಿ ಹೊಗಳಿಕೆ ಬರುವುದು ಅಪರೂಪ. ನಾನು ಉಬ್ಬಿಹೋದೆ. ಒಳಗೆ ಗಂಟೆ ಶುರುವಾಯಿತು.

ಕಾಲು ನೀಡೋಣವೆಂದು ಮೇಜಿನ ಕೆಳಗಿದ್ದ ಚೀಲವನ್ನು ಸರಿಸಿದೆ. ಹಿಂದಿನ ಸಂಜೆ ಅಂಗಡಿಯಿಂದ ತಂದದ್ದು. ಅದರ ಬಾಯಲ್ಲೇ ಇಂಗಿನ ಗಟ್ಟಿ, ಸುತ್ತಿದ ಕಾಗದ ಸಹ ಬಿಚ್ಚಿಲ್ಲ. ಹಳೆಯದು ಮುಗಿದಿತ್ತು. ತಲೆನೋವೆಂದು ನಾನು ಬೇಗ ಮಲಗಿದ್ದೆ. ಇಂಗು ನೆನೆಹಾಕಿಯೇ ಇರಲಿಲ್ಲ.

ಹಾಗಾದರೆ ಈ ವಾಸನೆ ಯಾವುದರದು? ಅಷ್ಟು ಹೆದರಿಕೆ ಹೆರಿಗೆಯ ಹೊತ್ತಿನಲ್ಲೂ ಆಗಿರಲಿಲ್ಲ. ನನ್ನ ಮುಖ ನೋಡಿದ ಮಗಳು ಅಡುಗೆಮನೆಯತ್ತ ಒಮ್ಮೆ ಮೂಸಿ, ವಾಸನೆ ಹೋಗಲೆಂದು ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದಳು. ಆ ಕೈಗೆ ಫಟ್ಟನೆ ಹೊಡೆದೆ. ಸ್ವಿಚ್ಚಿನಲ್ಲೂ ಕಿಡಿ ಇರುತ್ತದೆ.

"ಎಂತದೂ ಮುಟ್ಬೇಡ. ಹೊರಗೆ ಓಡು."

ಗಂಡನನ್ನು ಕೂಗಿ ಫಲವಿರಲಿಲ್ಲ. ಪೂಜೆಯ ನಡುವೆ ಅವರು ತಿರುಗುತ್ತಿರಲಿಲ್ಲ. ಮೇಜಿನ ಮೇಲಿದ್ದ ನೀರಿನ ಜಗ್ಗು ಹಿಡಿದು ಓಡಿದೆ. ನಾನು ಬಾಗಿಲು ಮುಟ್ಟುವಾಗ ಗಂಟೆ ನಿಂತಿತು. ಅವರು ಕಣ್ಣು ಮುಚ್ಚಿ ನಿಂತಿದ್ದರು. ಕಡ್ಡಿ ಪೆಟ್ಟಿಗೆಗೆ ತಾಗಿತ್ತು. ಜಗ್ಗಿನಲ್ಲಿದ್ದಷ್ಟೂ ನೀರನ್ನು ಆ ಎರಡು ಕೈಗಳ ಮೇಲೆ ಸುರಿದುಬಿಟ್ಟೆ.

"ತಲೆ ಸಮ ಇಲ್ವಾ ನಿಂಗೆ?" ಪೂಜೆಯ ನಡುವೆ ಅವರು ಮಾತಾಡಿದ್ದು ಅದೇ ಮೊದಲು.

"ಇಂಗು ನೆನೆಸ್ಲೇ ಇಲ್ಲ ನಾನು," ಎಂದೆ.

ಅವರು ಮತ್ತೊಮ್ಮೆ ಮೂಸಿದರು. ಆಗ ಇಬ್ಬರಿಗೂ ಕೇಳಿಸಿತು, ಸಿಲಿಂಡರಿನ ಕಡೆಯಿಂದ ಸಣ್ಣಗೆ ಸುಯ್ಯೆನ್ನುವ ಸದ್ದು. ರಬ್ಬರ್ ಪೈಪನ್ನು ಇಲಿ ಕಡಿದಿತ್ತು. ಅವರು ಸಿಲಿಂಡರ್ ಬಂದ್ ಮಾಡಿದರು, ನಾನು ಕಿಟಕಿ ಬಾಗಿಲುಗಳನ್ನೆಲ್ಲ ತೆರೆದೆ. ಇಬ್ಬರೂ ಹೊರಗೆ ಬಂದು ಫುಟ್‌ಪಾತಿನ ಮೇಲೆ ಕುಸಿದು ಕೂತೆವು. ಒದ್ದೆ ಬೆಂಕಿಪೆಟ್ಟಿಗೆ ಇನ್ನೂ ಅವರ ಮುಷ್ಟಿಯಲ್ಲೇ ಇತ್ತು. ಬಿಡಿಸಲು ಹೋದರೆ ಬೆರಳು ಬಿಚ್ಚಲಿಲ್ಲ.

ಅಕ್ಷತಾ ನನಗೆ ಅಂಟಿಕೊಂಡು ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುವುದು ಕಂಡಿತು. ಬೆಳಕು, ಶಾಖ, ಶಬ್ದ.

"ಅಮ್ಮ, ನಾಲ್ಕೂ ಒಟ್ಟಿಗೆ..."

ಅಂಗೈಯಿಂದ ಅವಳ ಬಾಯಿ ಮುಚ್ಚಿದೆ. ಅವಳು ಆ ಕೈಯನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದುಕೊಂಡಳು.

ಟೆಸ್ಟಿನಲ್ಲಿ ಅವಳು ಪಟಾಕಿ ಎಂದೇ ಬರೆದು ಬಂದಳು.